ದ್ವೇಷಕ್ಕೆ ಬಣ್ಣದಲ್ಲಿ ಉತ್ತರ ಕೊಟ್ಟವರು ಇದ್ದೀರಾ?

ನಾನಿರೋದು ನ್ಯೂಜೆರ್ಸಿಯಲ್ಲಿ. ಊರಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರನ್ನ ನಮ್ಮ ಬೀದಿಯಲ್ಲೇ ಯಾರೋ "ನಿನ್ನ ದೇಶಕ್ಕೆ ಹೋಗು" ಅಂತ ಬೈದು ತಳ್ಳಿ ಬೀಳಿಸಿದ್ರು. ಅವತ್ತಿಂದ ಹೊಟ್ಟೆಯೊಳಗೆ ಉರಿ. ಲೈಬ್ರರಿಯಲ್ಲಿ ಚಿತ್ರಪ್ರದರ್ಶನ ಇದೆ, ನಾನು ಬರೆಯೋದು ಅಬ್‌ಸ್ಟ್ರಾಕ್ಟ್, ಅಂದ್ರೆ ಮನುಷ್ಯ, ಮರ ಅಂತ ಗುರುತಿಸೋ ಚಿತ್ರ ಅಲ್ಲ, ಬರೀ ಬಣ್ಣ, ಆಕಾರ. ಬರೀ ಬಣ್ಣದಲ್ಲಿ ಇದನ್ನ ಹೇಳೋಕಾಗುತ್ತಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ, ಕ್ಯಾನ್ಸಸ್‌ನಿಂದ:
ಆಗುತ್ತೆ ಮೇಡಂ. 2017ರ ಫೆಬ್ರವರಿಯಲ್ಲಿ ಇಲ್ಲಿನ ಒಲೇಥಾದ ಬಾರೊಂದರಲ್ಲಿ ಒಬ್ಬ ಬಿಳಿಯ "ನನ್ನ ದೇಶ ಬಿಟ್ಟು ತೊಲಗು" ಅಂತ ಕೂಗಿ, ತೆಲುಗಿನ ಎಂಜಿನಿಯರ್ ಒಬ್ಬರನ್ನ ಗುಂಡಿಟ್ಟು ಕೊಂದ. ಸತ್ತವರ ಮುಖ ಬರೆಯೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಆ ಫೋಟೋ ಆಗಲೇ ಎಲ್ಲಾ ಟೀವಿಯಲ್ಲೂ ಓಡ್ತಿತ್ತು. ಕೊಂದವನ ಮಾತನ್ನೇ ಇದ್ದಿಲಲ್ಲಿ ಕ್ಯಾನ್ವಾಸ್ ತುಂಬ ಬರೆದೆ. ಮೇಲೆ ಬಿಳಿ ಅಕ್ರಿಲಿಕ್ ಬಳಿದೆ, ಪ್ಯಾಲೆಟ್ ಚಾಕುವಿಂದ ಕೆರೆದೆ, ಮತ್ತೆ ಬಳಿದೆ. ಇದ್ದಿಲಿನ ಮೇಲೆ ಫಿಕ್ಸೇಟಿವ್ (ಇದ್ದಿಲು ಉದುರದಂತೆ ಹಿಡಿದಿಡೋ ಸ್ಪ್ರೇ) ಹೊಡೀಬೇಡಿ, ಹಸಿ ಬಣ್ಣದಲ್ಲಿ ಬೆರೆತುಹೋಗಲಿ. ಬಿಳಿ ಕೊಳೆಯಾಗ್ತಾ ಹೋಗುತ್ತೆ, ಅಕ್ಷರ ಓದೋಕಾಗಲ್ಲ, ಹಾಗಂತ ಪೂರ್ತಿ ಅಳಿಸಿಯೂ ಹೋಗಲ್ಲ. ನನಗೆ ಬೇಕಾಗಿದ್ದೂ ಅದೇ.

ಉತ್ತರ, ಬೆಂಗಳೂರಿನಿಂದ:
ಕಲಾ ಇತಿಹಾಸ ಪಾಠ ಮಾಡ್ತೀನಿ. ನಿಮ್ಮ ಪ್ರಶ್ನೆಯನ್ನೇ ಅಮೆರಿಕದ ಕಪ್ಪು ಕಲಾವಿದರು 1963ರಲ್ಲಿ ನ್ಯೂಯಾರ್ಕ್‌ನಲ್ಲಿ 'ಸ್ಪೈರಲ್' ಅನ್ನೋ ಗುಂಪು ಕಟ್ಟಿಕೊಂಡು ಚರ್ಚೆ ಮಾಡಿದ್ರು. ಅದರಲ್ಲಿದ್ದ ನಾರ್ಮನ್ ಲೂಯಿಸ್ 1960ರಲ್ಲೇ 'ಅಮೆರಿಕನ್ ಟೋಟೆಮ್' ಬರೆದಿದ್ರು: ಕಪ್ಪಿನ ಮೇಲೆ ನೆಟ್ಟಗೆ ನಿಂತ ಒಂದು ಬಿಳಿ ಆಕಾರ. ನೋಡ್ತಾ ನೋಡ್ತಾ ಅದು ಕು ಕ್ಲಕ್ಸ್ ಕ್ಲಾನ್ ಅನ್ನೋ, ಕಪ್ಪು ಜನರ ಮೇಲೆ ದಾಳಿ ಮಾಡ್ತಿದ್ದ ಬಿಳಿಯರ ಗುಂಪಿನವರ ಮುಸುಕು ಅಂತ ಹೊಳೆದು ಮೈ ಜುಂ ಅನ್ನುತ್ತೆ. ಇನ್ನೊಬ್ಬ ಕಪ್ಪು ಕಲಾವಿದ ಜಾಕ್ ವಿಟನ್ ಅವರ 'ಬರ್ಮಿಂಗ್‌ಹ್ಯಾಮ್ 1964' ಇನ್ನೂ ಗಟ್ಟಿ. ಅಲ್ಯೂಮಿನಿಯಂ ಫಾಯಿಲ್ ಮೇಲೆ ಕಪ್ಪು ಬಣ್ಣ, ನಡುವೆ ಹರಿದ ಗಾಯ, ಒಳಗೆ ತೆಳ್ಳಗಿನ ಕಾಲುಚೀಲದ ಬಲೆಯ ಹಿಂದೆ ಪೇಪರಿನ ಫೋಟೋ: ಬರ್ಮಿಂಗ್‌ಹ್ಯಾಮ್ ಊರಲ್ಲಿ ಕಪ್ಪು ಜನರ ಪ್ರತಿಭಟನೆ ನಡೆದಾಗ ಹುಡುಗನೊಬ್ಬನ ಮೇಲೆ ಎರಗಿದ ಪೊಲೀಸ್ ನಾಯಿ. ಇಷ್ಟೂ ಮನೆಯಲ್ಲೇ ಸಿಗೋ ಸಾಮಾನು.

ಚಿತ್ರಕ್ಕೆ ಹೆಸರಿಡುವಾಗ ಕಪ್ಪು ಕಲಾವಿದ ಸ್ಯಾಮ್ ಗಿಲಿಯಂ ಅವರನ್ನ ನೆನಪಿಡಿ. ನೇರಳೆ ಬಣ್ಣ ಕುಡಿದ, ಕೆಂಪು ಕಲೆಗಳ ದೊಡ್ಡ ಕ್ಯಾನ್ವಾಸ್, 1969ರದ್ದು. ಅದರ ಹೆಸರು 'ಏಪ್ರಿಲ್ 4'. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ದಿನ. ತಾರೀಕು ಓದಿದ ಮೇಲೆ ಅದನ್ನ ಬರೀ ಚಂದದ ಬಣ್ಣ ಅಂತ ನೋಡೋಕೆ ಯಾರಿಂದಲೂ ಆಗಲ್ಲ.

ಉತ್ತರ, ಹ್ಯೂಸ್ಟನ್‌ನಿಂದ:
ಮೇಲಿನವರ ಮಾತು ಸರಿ, ಆದರೆ ಮ್ಯೂಸಿಯಂಗೆ ಬರೋ ಜನವೇ ಬೇರೆ, ಲೈಬ್ರರಿಗೆ ಬರೋ ಜನವೇ ಬೇರೆ. ನಮ್ಮ ದೇವಸ್ಥಾನದ ಗೋಡೆ ಮೇಲೆ ಹೊಲಸು ಗೀಚಿದ್ದಕ್ಕೆ ನಾನೊಂದು ಚಿತ್ರ ಬರೆದಿದ್ದೆ. ನೋಡೋಕೆ ಬಂದವರೊಬ್ಬರು "ನಮ್ಮ ಸೋಫಾ ಹಿಂದೆ ಚೆನ್ನಾಗಿ ಒಪ್ಪುತ್ತೆ" ಅಂದ್ರು. ತುಂಬಾ ನೋವಾಯ್ತು. ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದೆ: ಎಲ್ಲಿ, ಯಾವತ್ತು, ಏನಾಯ್ತು, ಮೂರೇ ಸಾಲು. ಅದಾದ ಮೇಲೆ ಜನ ನಿಂತು ನೋಡಿದ್ರು, ಇಬ್ಬರು ತಮಗಾದ್ದನ್ನೂ ಹೇಳಿಕೊಂಡ್ರು. ಚೀಟಿ ಹಾಕಿದ್ರೆ ಅಬ್‌ಸ್ಟ್ರಾಕ್ಟ್ ಕೆಡುತ್ತೆ ಅನ್ನೋದನ್ನ ನಾನು ಒಪ್ಪಲ್ಲ.

ಇನ್ನೊಂದು ಮಾತು, ಅಕ್ಕ. ಆ ಹಿರಿಯರ ಮನೆಯವರನ್ನ ಮೊದಲು ಕೇಳಿ. ಬೇಡ ಅಂದ್ರೆ ಬೀದಿಯ ಹೆಸರು, ತಾರೀಕು ಎರಡನ್ನೂ ಬಿಟ್ಟುಬಿಡಿ, ಅವರ ಗುರುತು ಹತ್ತಬಾರದು. ಪೊಲೀಸರಿಗೆ ದೂರು ಕೊಟ್ಟಿದ್ದಾರಾ? ನ್ಯೂಜೆರ್ಸಿಯಲ್ಲಿ ಇಂಥದ್ದನ್ನ 'ಬಯಾಸ್ ಇನ್ಸಿಡೆಂಟ್' (ದ್ವೇಷದಿಂದ ನಡೆದ ಘಟನೆ) ಅಂತಲೇ ದಾಖಲಿಸ್ತಾರೆ. ಇಂಗ್ಲಿಷ್‌ಗೆ ಹೆದರಿ ಸುಮ್ಮನಿದ್ರೆ ನೀವೇ ಜೊತೆಗೆ ಹೋಗಿ ಬನ್ನಿ. ಪ್ರದರ್ಶನಕ್ಕಿಂತ ಮುಂಚೆ ಅದಾಗಲಿ.