ಹಳೆಯ ಜಿಪ್ಸಿ: 40 ಲೀಟರ್ ಟ್ಯಾಂಕಿಗೆ 24 ಲೀಟರ್ ಮಾತ್ರ ಹಿಡಿಯುತ್ತಿದೆ, ಕಾರಣವೇನಿರಬಹುದು?

ಮೂಡಿಗೆರೆ ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ 1998ರ ಮಾರುತಿ ಜಿಪ್ಸಿ ಇದೆ. 1.3 ಲೀಟರ್ ಎಂಜಿನ್ನಿನ, ಕಾರ್ಬುರೇಟರ್ ಇರುವ ಪೆಟ್ರೋಲ್ ಗಾಡಿ. ಟ್ಯಾಂಕಿನ ಅಳತೆ 40 ಲೀಟರ್ ಎಂದು ಕೈಪಿಡಿಯಲ್ಲಿದೆ. ಆದರೆ ಕಳೆದ ಮಳೆಗಾಲ ಮುಗಿದ ಮೇಲೆ, ಗೇಜಿನ ಮುಳ್ಳು ಖಾಲಿ ಗೆರೆಗೆ ಪೂರ್ತಿ ಇಳಿದಿದ್ದಾಗ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಎಂದರೂ 24 ಲೀಟರ್ ಆಸುಪಾಸಿನಲ್ಲೇ ಗನ್ ಟಕ್ಕೆಂದು ನಿಲ್ಲುತ್ತದೆ. ಬಂಕಿನ ಹುಡುಗರು ಮತ್ತೆ ಒತ್ತಿದರೆ ಪೆಟ್ರೋಲ್ ಬಾಯಿಯಿಂದ ಹೊರಗೆ ಚಿಮ್ಮುತ್ತದೆ. ಬೇರೆ ಬಂಕಿನಲ್ಲಿ ಹಾಕಿಸಿದರೂ ಇದೇ ಕಥೆ.

ಮೈಲೇಜಿನಲ್ಲಿ ವ್ಯತ್ಯಾಸ ಕಾಣುತ್ತಿಲ್ಲ, ಸೋರಿಕೆಯಿಲ್ಲ, ಪೆಟ್ರೋಲ್ ವಾಸನೆಯೂ ಇಲ್ಲ. ಟ್ಯಾಂಕಿನ ಅಡಿಯ ರಕ್ಷಣಾ ತಗಡು ಒಂದು ಕಡೆ ಕಲ್ಲಿಗೆ ಬಡಿದು ನೆಗ್ಗಿದೆ. ಗ್ಯಾರೇಜಿನವರೊಬ್ಬರು ಟ್ಯಾಂಕನ್ನೇ ಬದಲಾಯಿಸಿ ಎಂದಿದ್ದಾರೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ, 2019ರಲ್ಲಿ ಆದಂತೆ, ಸುತ್ತು ಬಳಸಿ ಹೋಗುವ ನಮ್ಮಂಥವರಿಗೆ ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. ಟ್ಯಾಂಕ್ ಬದಲಿಸುವ ಮೊದಲು ಏನೇನು ನೋಡಬೇಕು, ದಯವಿಟ್ಟು ತಿಳಿಸಿ.

ಸಕಲೇಶಪುರ ಫೋರ್ ಬೈ ಫೋರ್

ಟ್ಯಾಂಕ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಮುಳ್ಳು ಖಾಲಿ ತೋರಿಸುವಾಗ ಟ್ಯಾಂಕು ನಿಜವಾಗಿಯೂ ಖಾಲಿಯಾಗಿರುತ್ತದೆಯೇ, ಗನ್ ನಿಂತಾಗ ಟ್ಯಾಂಕು ನಿಜವಾಗಿಯೂ ತುಂಬಿರುತ್ತದೆಯೇ, ಮತ್ತು ಟ್ಯಾಂಕಿನ ಒಳಗಿನ ಜಾಗವೇ ಕಡಿಮೆಯಾಗಿದೆಯೇ. ಇಪ್ಪತ್ತೈದು ವರ್ಷ ದಾಟಿದ ಗಾಡಿಯಲ್ಲಿ ಮೂರೂ ಸ್ವಲ್ಪ ಸ್ವಲ್ಪ ಸೇರಿಕೊಂಡಿರುವುದೇ ಹೆಚ್ಚು.

ಮೊದಲು ಗೇಜಿನಿಂದ ಶುರು ಮಾಡಿ. ಅದು ಅಳೆಯುವುದು ಪೆಟ್ರೋಲನ್ನಲ್ಲ, ಟ್ಯಾಂಕಿನೊಳಗೆ ತೇಲುವ ಟೊಳ್ಳು ಬುರುಡೆ, ಅಂದರೆ ಫ್ಲೋಟ್, ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಫ್ಲೋಟಿಗೆ ಸಣ್ಣ ತೂತು ಬಿದ್ದು ಒಳಗೆ ಪೆಟ್ರೋಲ್ ಸೇರಿಕೊಂಡರೆ ಅದು ಅರ್ಧ ಮುಳುಗಿಯೇ ತೇಲುತ್ತದೆ, ಆಗ ಟ್ಯಾಂಕಿನಲ್ಲಿ ಸಾಕಷ್ಟು ಇದ್ದರೂ ಮುಳ್ಳು ಖಾಲಿ ಎನ್ನುತ್ತದೆ. ಗನ್ ನಿಂತ ಮೇಲೆ ನಿಮ್ಮ ಮುಳ್ಳು ಮೇಲಿನ ಗೆರೆಯನ್ನು ಮುಟ್ಟುತ್ತದೆಯೇ, ಕೆಳಗೇ ಉಳಿಯುತ್ತದೆಯೇ ಎಂದು ಗಮನಿಸಿ. ನಂತರ ಮುಳ್ಳು ಖಾಲಿ ಗೆರೆಗೆ ಬಂದಾಗ ಸಮತಟ್ಟು ಕಣದಲ್ಲಿ ಗಾಡಿ ನಿಲ್ಲಿಸಿ, ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ, ಉಳಿದದ್ದನ್ನು ಅಳತೆಯ ಕ್ಯಾನಿಗೆ ಇಳಿಸಿ. ಇಷ್ಟು ಲೆಕ್ಕ ಸಿಕ್ಕಿದರೆ ಅರ್ಧ ಉತ್ತರ ಸಿಕ್ಕಿದಂತೆ. ಈ ಕೆಲಸವನ್ನು ಬಯಲಿನಲ್ಲಿ, ಹಗಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಯೇ ಮಾಡಬೇಕು. ಬಾಯಿಯಿಂದ ಪೈಪ್ ಎಳೆಯುವ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಿಸಿ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಬೇಲೂರು ಮೆಕ್ಯಾನಿಕ್

ಮೇಲಿನವರು ಹೇಳಿದ್ದು ಸರಿ. ಆದರೆ ಮತ್ತೆ ಒತ್ತಿದರೆ ಹೊರಗೆ ಚಿಮ್ಮುತ್ತದೆ ಎಂದಿದ್ದೀರಲ್ಲ ಸರ್, ನನ್ನ ಅನುಮಾನ ಬ್ರೀದರ್ ಪೈಪಿನ ಮೇಲೆ. ಪೆಟ್ರೋಲ್ ಒಳಗೆ ಇಳಿಯಬೇಕಾದರೆ ಅಷ್ಟೇ ಗಾಳಿ ಹೊರಗೆ ಬರಬೇಕು. ಆ ಗಾಳಿ ಬರುವುದು ಪೆಟ್ರೋಲ್ ಹಾಕುವ ದಪ್ಪ ಪೈಪಿನ ಪಕ್ಕದಲ್ಲೇ ಇರುವ ಸಣ್ಣ ರಬ್ಬರ್ ಪೈಪಿನಿಂದ. ಅದು ಕಟ್ಟಿಕೊಂಡರೆ ಟ್ಯಾಂಕಿನ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಬೀಳುತ್ತದೆ, ಪೆಟ್ರೋಲ್ ಕತ್ತಿನವರೆಗೆ ಏರಿ ನಿಲ್ಲುತ್ತದೆ. ಬಂಕಿನ ಗನ್ನಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಆ ರಂಧ್ರ ಪೆಟ್ರೋಲಿನಲ್ಲಿ ಮುಳುಗಿ ಗಾಳಿ ಎಳೆದುಕೊಳ್ಳಲು ಆಗದಿದ್ದ ಕೂಡಲೇ ಒಳಗಿನ ಪರದೆ ಎಳೆದು ಗನ್ ಬಂದ್ ಆಗುತ್ತದೆ. ಟ್ಯಾಂಕು ತುಂಬಿತೋ ಕತ್ತು ಮಾತ್ರ ತುಂಬಿತೋ ಎಂಬುದು ಗನ್ನಿಗೆ ತಿಳಿಯುವುದಿಲ್ಲ.

ನಮ್ಮ ಕಡೆ ಈ ಪೈಪ್ ಕಟ್ಟಿಕೊಳ್ಳಲು ಕಾರಣಗಳು ಬೇಕಾದಷ್ಟಿವೆ. ಹಳ್ಳ ದಾಟುವಾಗ ಹಿಂದಿನ ಚಕ್ರ ಎರಚಿದ ಕೆಸರು ಬೇಸಿಗೆಯಲ್ಲಿ ಗಟ್ಟಿಯಾಗಿ ಪೈಪನ್ನು ಒಂದು ಕಡೆ ಒತ್ತಿ ಮಡಚಿಬಿಡುತ್ತದೆ. ಪೈಪ್ ಕಳಚಿ ಬಾಯಿ ತೆರೆದಿಟ್ಟ ಗಾಡಿ ಶೆಡ್ಡಿನಲ್ಲಿ ನಿಂತರೆ ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಹಳೆಯ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ರಬ್ಬರ್ ಉಬ್ಬಿ, ಮೆತ್ತಗಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಚೆನ್ನಾಗಿಯೇ ಕಾಣುತ್ತದೆ, ಕತ್ತರಿಸಿ ನೋಡಿದಾಗಲೇ ಗೊತ್ತಾಗುವುದು. ಎರಡೂ ಕ್ಲಿಪ್ ಸಡಿಲಿಸಿ ಪೈಪ್ ಹೊರತೆಗೆದು, ತಂತಿ ತೂರಿಸಿ, ಗಾಳಿ ಹೊಡೆದು ನೋಡಿ. ಸಂಶಯವಿದ್ದರೆ ಹೊಸದನ್ನೇ ಹಾಕಿ, ಎಥನಾಲ್ ತಡೆಯುವ ಫ್ಯೂಯಲ್ ಪೈಪನ್ನೇ ಕೇಳಿ ಪಡೆಯಿರಿ.

ಮುಚ್ಚಳವನ್ನೂ ನೋಡಿ. ಪೆಟ್ರೋಲ್ ಕಡಿಮೆಯಾಗುತ್ತ ಹೋದಂತೆ ಗಾಳಿ ಒಳಗೆ ಬರಲು ಅದರಲ್ಲಿ ವಾಲ್ವ್ ಇರುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಮುಚ್ಚಳ ತೆಗೆಯುವಾಗ ಗಾಳಿ ಒಳಗೆ ಎಳೆದ ಸದ್ದು ಜೋರಾಗಿ ಬಂದರೆ ವಾಲ್ವ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ.

ಆಲ್ದೂರು ಜೀಪು

ನೆಗ್ಗಿರುವ ತಗಡಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರಕ್ಷಣಾ ತಗಡು ನೆಗ್ಗಿದರೆ ಅದರ ಮೇಲಿನ ಟ್ಯಾಂಕೂ ನೆಗ್ಗಿರುವ ಸಾಧ್ಯತೆ ಹೆಚ್ಚು. ಲೆಕ್ಕ ಹಾಕುವುದು ಸುಲಭ. ನೆಗ್ಗಿದ ಜಾಗ 30 ಸೆಂಟಿಮೀಟರ್ ಉದ್ದ, 25 ಅಗಲ, ಸರಾಸರಿ 4 ಸೆಂಟಿಮೀಟರ್ ಆಳವಿದ್ದರೆ 3,000 ಘನ ಸೆಂಟಿಮೀಟರ್, ಅಂದರೆ ಬರೋಬ್ಬರಿ 3 ಲೀಟರ್ ಹೋಯಿತು. ನೆಗ್ಗಿನಿಂದಲೇ 16 ಲೀಟರ್ ಹೋಗಬೇಕಾದರೆ ಟ್ಯಾಂಕು ಅಪ್ಪಚ್ಚಿಯಾಗಿರಬೇಕು, ಅದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಆದರೆ ನೆಗ್ಗು ಎಲ್ಲಿದೆ ಎಂಬುದು ಮುಖ್ಯ. ಪೆಟ್ರೋಲ್ ಎಳೆಯುವ ಪೈಪಿನ ಕೆಳಗೇ ಟ್ಯಾಂಕಿನ ತಳ ಮೇಲೆದ್ದಿದ್ದರೆ ಪೈಪಿನ ಬಾಯಿಗೆ ಅದು ಅಡ್ಡ ಬಂದು, ಏರಿನಲ್ಲಿ ಎಂಜಿನ್ ಉಸಿರುಗಟ್ಟಿದಂತೆ ನಿಂತುಹೋಗುತ್ತದೆ. ಕಾರ್ಬುರೇಟರ್ ಜಿಪ್ಸಿಯಲ್ಲಿ ಪಂಪ್ ಇರುವುದು ಎಂಜಿನ್ ಮೇಲೆ, ಅದು ಟ್ಯಾಂಕಿನಿಂದ ಹೀರಿಕೊಳ್ಳಬೇಕು. ಹೀಗಾಗಿ ಟ್ಯಾಂಕಿನೊಳಗೆ ಆ ಪೈಪು ತುಕ್ಕು ಹಿಡಿದು ನಡುವೆ ತೂತು ಬಿದ್ದಿದ್ದರೂ ಪೆಟ್ರೋಲ್ ಆ ತೂತಿಗಿಂತ ಕೆಳಗಿಳಿದ ಕೂಡಲೇ ಪಂಪ್ ಗಾಳಿಯನ್ನೇ ಎಳೆಯುತ್ತದೆ. ನಿಮ್ಮ ಗಾಡಿ ಖಾಲಿ ಗೆರೆ ದಾಟಿಯೂ ಓಡುತ್ತದೆಯೇ ಎಂದು ತಿಳಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನೆಗ್ಗು ಎತ್ತಲು ಟ್ಯಾಂಕಿಗೆ ಕಂಪ್ರೆಸರ್ ಗಾಳಿ ತುಂಬಿಸಬೇಡಿ, ಬೆಸುಗೆಯವರ ಹತ್ತಿರ ಹಾಗೆಯೇ ಕೊಂಡೊಯ್ಯಲೂ ಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು ಹೆಚ್ಚು.

ಮೂಡಿಗೆರೆ ತೋಟ

ಎಲ್ಲರಿಗೂ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ಪರೀಕ್ಷಿಸಿದೆವು. ಗನ್ ನಿಂತ ಮೇಲೂ ಮುಳ್ಳು ಮುಕ್ಕಾಲಿನ ಹತ್ತಿರವೇ ಉಳಿಯುತ್ತಿತ್ತು. ಖಾಲಿ ಗೆರೆಯಲ್ಲಿ ಡ್ರೈನ್ ಮಾಡಿದಾಗ 8 ಲೀಟರ್ ಬಂತು. ಫ್ಲೋಟ್ ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಎಳೆಯುವ ಪೈಪಿನಲ್ಲಿ ತೂತಿಲ್ಲ.

ಬ್ರೀದರ್ ಪೈಪ್ ಚಾಸಿಯ ಮೂಲೆಯಲ್ಲಿ ಬಾಗುವ ಕಡೆ ಮಡಚಿಕೊಂಡಿತ್ತು. ಕತ್ತರಿಸಿ ನೋಡಿದಾಗ ಒಳಗಿನ ಪದರ ಅಂಟಂಟಾಗಿ ಎರಡು ಬದಿಯೂ ಕೂಡಿಕೊಂಡಿತ್ತು, ಪೆನ್ಸಿಲ್ ಮೊನೆಯೂ ತೂರುವಂತಿರಲಿಲ್ಲ. ಹೊಸ ಪೈಪ್ ಹಾಕಿ, ಪೂರ್ತಿ ಖಾಲಿಯಿದ್ದ ಟ್ಯಾಂಕಿಗೆ ಅಳತೆಯ ಕ್ಯಾನಿನಿಂದ ಸುರಿದೆವು, 37 ಲೀಟರ್ ಹಿಡಿಯಿತು. ಅಂದರೆ 8 ಲೀಟರ್ ತಳದಲ್ಲಿ ಉಳಿದಿರುತ್ತಿತ್ತು, 5 ಲೀಟರಿನಷ್ಟು ಜಾಗದಲ್ಲಿ ಗಾಳಿ ಸಿಕ್ಕಿಬೀಳುತ್ತಿತ್ತು, ಉಳಿದ 3 ಲೀಟರ್ ನೆಗ್ಗಿನಿಂದ ಹೋಗಿದೆ. ಅಡಿಯ ನೆಗ್ಗಿನ ಅಳತೆಯೂ ಆಲ್ದೂರಿನವರ ಲೆಕ್ಕಕ್ಕೆ ಹತ್ತಿರವೇ ಇದೆ. ಫ್ಲೋಟ್ ಹಾಸನದಿಂದ ತರಿಸುತ್ತಿದ್ದೇನೆ. ನೆಗ್ಗು ತೆಗೆಸಲೇಬೇಕೆ?

ಬೇಲೂರು ಮೆಕ್ಯಾನಿಕ್

ನೆಗ್ಗಿದ ಜಾಗದಲ್ಲಿ ತುಕ್ಕು ಅಥವಾ ಒದ್ದೆಯ ಗುರುತು ಇಲ್ಲದಿದ್ದರೆ ಹಾಗೆಯೇ ಬಿಡಿ ಸರ್, 3 ಲೀಟರಿಗಾಗಿ ಗಟ್ಟಿಯಿರುವ ಟ್ಯಾಂಕನ್ನು ಕೆಣಕುವುದು ಬೇಡ. ರಕ್ಷಣಾ ತಗಡನ್ನು ಮಾತ್ರ ಬಿಚ್ಚಿ, ಟಿಂಕರಿಂಗಿನವರಿಂದ ನೇರ ಮಾಡಿಸಿ. ಅದರ ಮತ್ತು ಟ್ಯಾಂಕಿನ ನಡುವೆ ಕೂತಿರುವ ಕೆಸರನ್ನು ಪೂರ್ತಿ ತೊಳೆದು ಒಣಗಿಸಿ ಮತ್ತೆ ಕೂರಿಸಿ. ಟ್ಯಾಂಕು ಹೊರಗಿನಿಂದ ತುಕ್ಕು ಹಿಡಿಯುವುದು ಆ ಒದ್ದೆ ಮಣ್ಣಿನಿಂದಲೇ.

ಹೊಸ ಫ್ಲೋಟ್ ಕೂರಿಸಿದ ಮೇಲೆ ಟ್ಯಾಂಕಿಗೆ 5 ಲೀಟರ್ ಹಾಕಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ, ಅದನ್ನೇ ನಿಮ್ಮ ರಿಸರ್ವ್ ಎಂದು ಇಟ್ಟುಕೊಳ್ಳಿ. ಕ್ಯಾನಿನಿಂದ 37 ಹಿಡಿಯಿತೆಂದು ಬಂಕಿನಲ್ಲಿ ಕತ್ತಿನವರೆಗೆ ತುಂಬಿಸಬೇಡಿ. ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಶೇಕಡಾ ಒಂದರಷ್ಟು ಹಿಗ್ಗುತ್ತದೆ, ಬಂಕಿನ ನೆಲದಡಿಯ ತಂಪಿನಿಂದ ಬಂದದ್ದು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಟ್ಯಾಂಕಿನಲ್ಲಿ ಹಿಗ್ಗಲು ಜಾಗ ಬೇಕು. ಗನ್ ಮೊದಲ ಸಲ ತಾನಾಗಿ ನಿಂತಲ್ಲಿಗೇ ನಿಲ್ಲಿಸಿ.