ಸುಮ್ನೆ ಹೊರಗೆ ಹೋಗೋಕೂ ಒಂದು ನೆಪ ಬೇಕಾ? (ವಿಜಯಪುರದ ಬೇಸಿಗೆ, ನನ್ನ ಭಾನುವಾರಗಳು)

ಬಿಸಿಲೂರಿನವಳು:
ನನಗೆ 27. ಇಂಡಿ ಕಡೆಯ ಹಳ್ಳಿಯವಳು, ಮೂರು ವರ್ಷದಿಂದ ಕೆಲಸಕ್ಕೆ ಅಂತ ವಿಜಯಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದೇನೆ. ಮದುವೆ ಆಗಿಲ್ಲ, ಇಲ್ಲಿ ಆ ಮಾತು ತೆಗೆಯಬೇಡಿ. ಈ ಏಪ್ರಿಲ್‌ನಲ್ಲಿ ಒಂದು ತೀರ್ಮಾನ ಮಾಡಿದೆ. ಪ್ರತಿ ಭಾನುವಾರ ಎಲ್ಲಿಗಾದರೂ ಒಬ್ಬಳೇ ಹೋಗಬೇಕು, ಯಾರು ಕೇಳಿದರೂ ನೆಪ ಹೇಳಬಾರದು.

ನೆಪ ಅಂದರೆ ಗೊತ್ತಲ್ಲ. ಇಲ್ಲಿಯವರೆಗೆ ನಾನು ಹೊಸ್ತಿಲು ದಾಟಿದಾಗಲೆಲ್ಲ ಏನೋ ಒಂದು ಕೆಲಸ ಇರುತ್ತಿತ್ತು. ಪರೀಕ್ಷೆ, ಗುಡಿ, ಹೊಲಿಯೋಕೆ ಕೊಟ್ಟ ಜಂಪರ್, ಅಕ್ಕನ ಮನೆಗೆ ಹಪ್ಪಳದ ಡಬ್ಬಿ. ಕೆಲಸ ಇಲ್ಲದಿದ್ದರೆ ಹುಟ್ಟಿಸಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ಬೆಳಿಗ್ಗೆ ಬೇಗ ಗೋಲಗುಮ್ಮಟಕ್ಕೆ ಹೋದೆ. ಶಾಲೆಯ ಟ್ರಿಪ್ಪಿನಲ್ಲಿ ನೋಡಿದ್ದು, ಆಗ ಮೇಷ್ಟ್ರು ಕೈ ಬಿಟ್ಟಿರಲಿಲ್ಲ. ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿ ಮೇಲೆ ಬಂದಾಗ ಮೊಣಕಾಲು ನಡುಗುತ್ತಿದ್ದವು, ಆದರೆ ಗ್ಯಾಲರಿಯಲ್ಲಿ ಎಂಟು ಹತ್ತು ಜನ ಅಷ್ಟೇ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ನನ್ನ ಹೆಸರನ್ನೇ ಹೇಳಿದೆ. ಆಚೆ ಬದಿಯಿಂದ ಯಾರದೋ ಪುಟ್ಟ ಹುಡುಗ ಅದೇ ಹೆಸರನ್ನು ವಾಪಸ್ ಕರೆದ! ಅಷ್ಟು ದೂರದಿಂದ, ಕಿವಿಯ ಹತ್ತಿರವೇ ನಿಂತು ಹೇಳಿದ ಹಾಗೆ. ನಾನು ನಕ್ಕಿದ್ದು ಗುಮ್ಮಟದ ತುಂಬ ಸುತ್ತಿ ಬಂತು. ಆಮೇಲೆ ಒಂದು ಗುಂಪು ಬಂದು ಸಿಳ್ಳೆ ಹಾಕಿತು, ಅಲ್ಲಿಗೆ ಮುಗಿಯಿತು.

ಎರಡನೇ ಭಾನುವಾರ ಸಂಜೆ ಉಪ್ಪಲಿ ಬುರುಜು. ಹೊರಗಿನ ಮೆಟ್ಟಿಲು ಹತ್ತಿ ಆ ಉದ್ದನೆಯ ತೋಪುಗಳ ಪಕ್ಕ ನಿಂತರೆ ಊರಲ್ಲಿ ಇಲ್ಲದ ಗಾಳಿ ಅಲ್ಲಿ ಇರುತ್ತದೆ. ಇಳಿದು ಬಂದು ಐಸ್ ಗೋಲಾ ತಿಂದೆ, ನಾಲಿಗೆ ನೇರಳೆ ಬಣ್ಣ. ಕನ್ನಡಿ ಮುಂದೆ ಹತ್ತು ನಿಮಿಷ ನಾಲಿಗೆ ಚಾಚಿ ನಿಂತಿದ್ದೆ, ಹೇಳೋಕೆ ನಾಚಿಕೆ ಏನಿಲ್ಲ.

ಗಲಾಟೆ ಆಗಿದ್ದು ಮೂರನೇ ವಾರ. ಚೀಲ ಹಾಕಿಕೊಂಡು ಇಳಿಯುತ್ತಿದ್ದಾಗ ಮನೆ ಮಾಲಕಿ ಕೇಳಿದರು, "ಎಲ್ಲಿಗ್ ಹೊಂಟಿ? ಏನ್ ಕೆಲಸ ಐತಿ?" ನಾನು "ಬಾದಾಮಿಗೆ ರೀ. ಕೆಲಸ ಏನಿಲ್ಲ, ಸುಮ್ನೆ" ಅಂದೆ. ಸಂಜೆ ನಾನು ಬರೋದರೊಳಗೆ ಅವ್ವನಿಗೆ ಫೋನ್ ಹೋಗಿತ್ತು, "ನಿಮ್ಮ ಹುಡುಗಿ ಸುಮ್ನೆ ತಿರುಗತಾಳ" ಅಂತ. ಮೇಲಾಗಿ ಮಾಳಿಗೆ ಬಾಗಿಲಿಗೆ ಕೀಲಿ ಬಿತ್ತು. ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ ಮಲಗೋದು ಈ ಬೇಸಿಗೆಯಲ್ಲಿ ನನಗಿದ್ದ ದೊಡ್ಡ ಸುಖ. 40 ಡಿಗ್ರಿ ದಾಟಿದ ಊರಲ್ಲಿ ಪತ್ರೆ ಶೀಟಿನ ರೂಮಿನಲ್ಲಿ ಮಲಗಿ ನೋಡಿ, ಗೊತ್ತಾಗುತ್ತದೆ.

ಹೇಳಿ, ನಾನು ಒಂದು ನೆಪ ಹೇಳಿ ಹೋಗಿದ್ದರೆ ಒಳ್ಳೆಯದಿತ್ತಾ?

ಗುಮ್ಮಟದ ಪಾರಿವಾಳ:
ನಾನು ಗಂಡಸು, 30 ವರ್ಷ, ಇದೇ ಊರು. ಓದಿದ ಮೇಲೆ ಕೂತು ಯೋಚಿಸಿದೆ, "ಏನ್ ಕೆಲಸ ಐತಿ" ಅಂತ ನನ್ನನ್ನು ಯಾರೂ ಕೇಳಿದ ನೆನಪಿಲ್ಲ. "ಅಂವಾ ಹೊರಗ ಹೋಗ್ಯಾನ" ಅಂದರೆ ಮುಗೀತು. ಎಲ್ಲಿ, ಯಾಕೆ, ಯಾವಾಗ ಬರ್ತಾನೆ, ಏನೂ ಇಲ್ಲ. ನನ್ನ ತಂಗಿಗೆ ಮಾತ್ರ ರೀಚಾರ್ಜ್ ಮಾಡಿಸೋಕೆ ಹೋದರೂ ಜೊತೆಗೆ ತಮ್ಮ ಬೇಕು. ಆ ತಮ್ಮನಿಗೆ ಒಂಬತ್ತು ವರ್ಷ.

ಹಳೇ ಅತ್ತಿಗೆ:
ಮಗಳೇ, ನಿನ್ನ ಬರಹ ಓದಿ ಖುಷಿ ಆಯಿತು, ಆದರೆ ನೆಪವನ್ನು ಅಷ್ಟು ಬೈಯಬೇಡ. ನನಗೀಗ 58. ನಮ್ಮ ಕಾಲದ ಬೇಸಿಗೆ ಪೂರ್ತಿ ನೆಪದ ಮೇಲೆಯೇ ನಡೆದದ್ದು. ಶಾವಿಗೆ ಹೊಸೆಯೋಕೆ ಅಂತ ಗೆಳತಿ ಮನೆಗೆ ಹೋಗೋದು, ಒಂದು ಮಣೆ ಶಾವಿಗೆಗೆ ನಾಲ್ಕು ತಾಸು ಹರಟೆ. ಸಂಡಿಗೆ ಕಾಯೋಕೆ ಅಂತ ಮಾಳಿಗೆ ಹತ್ತಿದರೆ ಪಕ್ಕದ ಮಾಳಿಗೆಯವಳ ಜೊತೆ ಕವಡೆ ಆಟ, ಕಾಗೆ ಬಂದು ಸಂಡಿಗೆ ಒಯ್ದದ್ದೂ ಗೊತ್ತಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆ ಅಂತ ದೂರದ ಬಾವಿಗೆ ಹೋಗಬೇಕಿತ್ತು. ಮನೆಯವರು ಪಾಪ ಅಂತಿದ್ದರು, ನಮಗೆ ಅದೇ ಜಾತ್ರೆ. ನೆಪ ಅಂದರೆ ಸುಳ್ಳಲ್ಲ, ಅದು ಕೀಲಿಕೈ. ನೀನು ಬಾಯಿಬಿಟ್ಟು "ಸುಮ್ನೆ" ಅಂದೆ, ಅವರು ಮಾಳಿಗೆಗೇ ಕೀಲಿ ಹಾಕಿದರು. ಸಂಡಿಗೆ ಹಾಕ್ತೀನಿ ರೀ ಅಂತ ಕೇಳು, ನಾಳೆಯೇ ಕೀಲಿ ನಿನ್ನ ಕೈಗೆ ಬರುತ್ತದೆ.

ಲೆಕ್ಕದ ಹುಡುಗಿ:
ಅತ್ತಿಗೆಯವರೇ, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಆ ಕೀಲಿ ಯಾವತ್ತೂ ಬೇರೆಯವರ ಸೊಂಟದಲ್ಲೇ ಇತ್ತಲ್ವಾ? ಶಾವಿಗೆ ಮುಗಿದರೆ ನಿಮ್ಮ ಹರಟೆಯೂ ಮುಗೀತು. ನೆಪ ಹೇಳಿ ಹೋದವಳು ಆ ನೆಪದ ಸಾಮಾನು ಹೊತ್ತುಕೊಂಡೇ ವಾಪಸ್ ಬರಬೇಕು. ನಾನು ಕಾಲೇಜಿನಲ್ಲಿದ್ದಾಗ ಲೈಬ್ರರಿ ಅಂತ ಹೇಳಿ ಇಬ್ರಾಹಿಂ ರೋಜಾಕ್ಕೆ ಹೋಗುತ್ತಿದ್ದೆ. ಅಲ್ಲಿ ನೆರಳಲ್ಲಿ ಕೂತಿದ್ದರೂ ಅರ್ಧ ಮನಸ್ಸು ಲೈಬ್ರರಿ ಪುಸ್ತಕ ಎಲ್ಲಿಂದ ತರೋದು ಅನ್ನೋದರಲ್ಲೇ ಇರುತ್ತಿತ್ತು. ಕಲ್ಲಿನ ಕೆತ್ತನೆ ಒಂದೂ ನೆನಪಿಲ್ಲ ನನಗೆ!

ಹಳೇ ಅತ್ತಿಗೆ:
ಅದೂ ನಿಜ ಅನ್ನು.

ಸೀಟು ಸಿಗದವನು:
ಎಲ್ಲರೂ ಬೈದರೂ ಪರವಾಗಿಲ್ಲ, ಹೇಳ್ತೀನಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ ಪುಕ್ಕಟೆ. ಅವತ್ತಿನಿಂದ ಹೀಗೆ "ಸುಮ್ನೆ" ತಿರುಗೋರು ಜಾಸ್ತಿ ಆಗಿದ್ದಾರೆ. ನಾನು ದಿನಾ ಸಿಂದಗಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗೋನು, ದುಡ್ಡು ಕೊಟ್ಟು ನಿಂತುಕೊಂಡು ಹೋಗ್ತೀನಿ. ಕೆಲಸ ಇರೋರಿಗೆ ಮೊದಲು ಜಾಗ ಕೊಡಬೇಕು ಅನ್ನೋದು ತಪ್ಪಾ?

ಲೆಕ್ಕದ ಹುಡುಗಿ:
ಬಂತು ನೋಡಿ ಮತ್ತೆ ಅದೇ ಮಾತು, "ಏನ್ ಕೆಲಸ ಐತಿ". ಈಗ ಕಂಡಕ್ಟರ್ ಕೂಡ ಶೂನ್ಯ ಟಿಕೆಟ್ ಕೊಡೋ ಮುಂಚೆ ಕೆಲಸ ಕೇಳಬೇಕಾ? ಬಸ್ ಕಡಿಮೆ ಇದ್ದರೆ ಜಾಸ್ತಿ ಬಿಡಿ ಅಂತ ಡಿಪೋಗೆ ಹೋಗಿ ಕೇಳಿ, ನಾವೂ ಬರ್ತೀವಿ. ನಮ್ಮ ಓಣಿಯ ಒಬ್ಬ ಅಜ್ಜಿ, ಎಪ್ಪತ್ತು ದಾಟಿದವರು, ಆ ಯೋಜನೆ ಬಂದ ಮೇಲೆ ಮೊದಲ ಸಲ ಕೂಡಲಸಂಗಮ ನೋಡಿದರು. ಕೃಷ್ಣಾ ಮಲಪ್ರಭಾ ಕೂಡೋ ಜಾಗದಲ್ಲಿ ಕಾಲು ಇಳಿಬಿಟ್ಟು ಕೂತು ಬಂದರು. ಅವರಿಗೂ ಕೆಲಸ ಏನೂ ಇರಲಿಲ್ಲ.

ಬಿಸಿಲೂರಿನವಳು:
ಸೀಟು ಸಿಗದವರಿಗೆ ಒಂದು ಮಾತು. ನಾನು ಬಾದಾಮಿಗೆ ಹೋಗಿದ್ದು ರೈಲಿನಲ್ಲಿ, ದುಡ್ಡು ಕೊಟ್ಟು. ನಿಮ್ಮ ಸೀಟು ನನ್ನ ಹತ್ತಿರ ಇಲ್ಲ.

ಸೀಟು ಸಿಗದವನು:
ಸರಿ, ನಿಮಗಲ್ಲ ಹೇಳಿದ್ದು. ಭಾನುವಾರ ತಿರುಗಿ, ಸೋಮವಾರ ಬೆಳಿಗ್ಗೆ ಮಾತ್ರ ಬೇಡ.

ಕುಂದಾನಗರಿ:
ಬೆಳಗಾವಿಯಿಂದ. ನಿಮ್ಮ ಊರಿನ ಬಿಸಿಲಿಗೆ ನಮಸ್ಕಾರ. ನಮ್ಮಲ್ಲಿ ಮೇ ತಿಂಗಳಲ್ಲೂ ಸಂಜೆ ಮಳೆ ಬಿದ್ದು ತಣ್ಣಗಾಗುತ್ತದೆ, ಹೊಟ್ಟೆ ಉರಿಸೋಕೆ ಹೇಳಿದ್ದಲ್ಲ (ಸ್ವಲ್ಪ ಅದಕ್ಕೇ). ನೆಪದ ವಿಷಯ ಬಿಡಿ, ನನ್ನ ತಕರಾರು "ಒಬ್ಬಳೇ" ಅನ್ನೋದಕ್ಕೆ. ಇಬ್ಬರಿದ್ದರೆ ಏನು ಕಷ್ಟ? ಹೋದ ವರ್ಷ ನಾನು ಒಬ್ಬಳೇ ಗೋಕಾಕ ಫಾಲ್ಸಿಗೆ ಹೋದೆ, ಮೇ ತಿಂಗಳು. ಘಟಪ್ರಭಾ 52 ಮೀಟರ್ ಎತ್ತರದಿಂದ ಧುಮುಕೋ ಜಾಗ ಅದು, ನನಗೆ ಕಂಡಿದ್ದು ಬರೀ ಬಂಡೆ. ಮಳೆಗಾಲದಲ್ಲಿ ಹೋಗಬೇಕಿತ್ತು, ನನ್ನದೇ ಪೆದ್ದುತನ. ಗೆಳತಿ ಜೊತೆಗಿದ್ದಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಒಬ್ಬಳೇ ಇದ್ದೆನಲ್ಲ, ತೂಗುಸೇತುವೆ ನೋಡಿಕೊಂಡು ಅರ್ಧ ಕಿಲೋ ಕರದಂಟು ತಿಂದು ಬಂದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಊರಿನ ಲಾಡ್ಜಿನಲ್ಲಿ ಆಯಿತು. ರೂಮ್ ಖಾಲಿ ಇದೆ ಅಂತ ಫೋನಿನಲ್ಲಿ ಹೇಳಿದವರು, ನಾನು ಎದುರಿಗೆ ನಿಂತ ಮೇಲೆ "ಒಬ್ಬರೇನಾ? ಸಿಂಗಲ್ ಲೇಡೀಸಿಗೆ ಕೊಡಲ್ಲ" ಅಂದರು. ರಾತ್ರಿ ಒಂಬತ್ತು ಗಂಟೆ. ಕೊನೆಗೆ ಪರಿಚಯದವರ ಮನೆಗೆ ಹೋಗಿ ಮಲಗಿದೆ, ಅವರು ಕೇಳಿದ್ದೂ ಅದೇ: ಏನ್ ಕೆಲಸದ ಮೇಲೆ ಬಂದಿದ್ದಿ?

ಗುಮ್ಮಟದ ಪಾರಿವಾಳ:
ಅರ್ಧ ಕಿಲೋ ಒಬ್ಬರೇ??

ಕುಂದಾನಗರಿ:
ಹಂಚಿಕೊಳ್ಳೋಕೆ ಯಾರಿದ್ದರು ಹೇಳಿ.

ಬಾಗಲಕೋಟೆ ಸಿಸ್ಟರ್:
ನಾನು ನರ್ಸ್, ಈ ತಿಂಗಳು ನಮ್ಮಲ್ಲಿಗೆ ಬಿಸಿಲು ಬಡಿದವರು ದಿನಾ ಬರುತ್ತಾರೆ, ಅದಕ್ಕೆ ಬೇರೆ ಮಾತು ಆಡ್ತೀನಿ. ನೀವೆಲ್ಲ ಎರಡು ವಿಷಯ ಕಲಸಿಬಿಟ್ಟಿದ್ದೀರಿ. ಎಲ್ಲಿಗೆ ಹೋಗ್ತೀನಿ ಅಂತ ತಿಳಿಸೋದು ಬೇರೆ, ಯಾಕೆ ಹೋಗ್ತೀನಿ ಅಂತ ಲೆಕ್ಕ ಕೊಡೋದು ಬೇರೆ. ಮೊದಲನೆಯದು ಗಂಡಸಿಗೂ ಬೇಕು. ಬಾದಾಮಿ ಬಂಡೆಯ ಮೇಲೆ ಮೇ ಮಧ್ಯಾಹ್ನ ತಲೆ ತಿರುಗಿ ಬಿದ್ದರೆ ಹುಡುಕೋರಿಗೆ ಊರಾದರೂ ಗೊತ್ತಿರಬೇಕಲ್ವಾ? ಆದರೆ "ಬಾದಾಮಿಗೆ ಹೋಗಿದ್ದಾಳೆ, ಸಂಜೆ ಗಾಡಿಗೆ ಬರ್ತಾಳೆ" ಇಷ್ಟು ಸಾಕು. ಈ ಹುಡುಗಿ ಅಷ್ಟನ್ನು ಹೇಳಿಯೇ ಹೋಗಿದ್ದಾಳೆ, ನೋಡಿ. ಆಕೆ ಹೇಳದೇ ಇದ್ದದ್ದು ಕಾರಣ ಒಂದೇ.

ಮಿಕ್ಕಿದ್ದು ನನ್ನ ಕಸುಬಿನ ಮಾತು. ಹನ್ನೆರಡರಿಂದ ಮೂರರವರೆಗೆ ನೆರಳು ಬಿಡಬೇಡಿ. ಬಾಯಾರುವ ಮೊದಲೇ ನೀರು ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬೆವರು ನಿಂತು ಮೈ ಸುಡತೊಡಗಿದರೆ, ಮಾತು ತೊದಲಿದರೆ ಅದು ಸುಸ್ತಲ್ಲ, ಒದ್ದೆ ಬಟ್ಟೆ ಹಾಕಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. 112 ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಮತ್ತೆ ಬಾದಾಮಿಯಲ್ಲಿ ಮಂಗಗಳಿಗೆ ಕೈಚೀಲ ತೋರಿಸಬೇಡಿ.

ಬಿಸಿಲೂರಿನವಳು:
ಸಿಸ್ಟರ್, ಮಂಗನ ವಿಷಯ ಒಂದು ವಾರ ಮೊದಲು ಹೇಳಬೇಕಿತ್ತು. ನನ್ನ ಪೇರಲ ಹಣ್ಣು ಹೋಯಿತು, ಚೀಲದ ಜಿಪ್ ಕೂಡ.

ಆ ದಿನದ್ದು ಪೂರ್ತಿ ಬರೆದುಬಿಡ್ತೀನಿ, ಇಲ್ಲಿ ಬೇಸರ ಆದವರು ದಾಟಿಕೊಂಡು ಹೋಗಿ. ಆಲಮಟ್ಟಿ ದಾಟುವಾಗ ಗಾಡಿ ಕೃಷ್ಣೆಯ ಮೇಲೆ ಹೋಗುತ್ತದೆ, ಬೋಗಿಯಲ್ಲಿದ್ದವರೆಲ್ಲ ಕಿಟಕಿಯಿಂದ ಚಿಲ್ಲರೆ ಎಸೆದರು. ನನ್ನ ಹತ್ತಿರ ಎರಡು ರೂಪಾಯಿ ನಾಣ್ಯ ಒಂದೇ ಇತ್ತು, ಎಸೆದೆ. ಏನು ಬೇಡಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ, ಅಷ್ಟರಲ್ಲಿ ಸೇತುವೆ ಮುಗಿದಿತ್ತು. ಬಾದಾಮಿಯಲ್ಲಿ ಮೊದಲು ಗುಹೆ ಹತ್ತಿದೆ, ಬಿಸಿಲು ಏರೋ ಮುಂಚೆ. ಮೂರನೇ ಗುಹೆಯಲ್ಲಿ ಶಾಸನ ಇದೆ, 578ನೇ ಇಸವಿಯದು, ಮಂಗಳೇಶ ಕಡೆಸಿದ್ದು. ಕಂಬಗಳ ಮೇಲೆಲ್ಲ ಜೋಡಿಗಳು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಹಾಕಿ ಆರಾಮಾಗಿ ನಿಂತಿದ್ದಾರೆ. ಅವರನ್ನು 1400 ವರ್ಷದಿಂದ ಯಾರೂ ಕೆಲಸ ಕೇಳಿಲ್ಲ ಅಂದುಕೊಂಡು ನಗು ಬಂತು. ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯೋ ಸದ್ದು ಕೆಂಪು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ನಾನು ಒಂದು ತಾಸು ಅಲ್ಲಿ ಕೂತು ಬರೀ ಅದನ್ನೇ ಕೇಳಿದೆ. ಜೊತೆಗೆ ಗೆಳತಿ ಇದ್ದಿದ್ದರೆ ಫೋಟೋ ತೆಗೆಯುತ್ತಿದ್ದೆವು, ಕುಂದಾನಗರಿ, ಅದಕ್ಕೇ ಒಬ್ಬಳೇ.

ಮಧ್ಯಾಹ್ನ ಬನಶಂಕರಿಗೆ ಹೋದೆ. ಗುಡಿ ಮುಂದೆ ಬುಟ್ಟಿ ಹೊತ್ತು ರೊಟ್ಟಿ ಮಾರುವ ಹೆಂಗಸರು ಇರುತ್ತಾರಲ್ಲ, ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಮೊಸರು. ಒಬ್ಬ ಅಮ್ಮ ಬಡಿಸುತ್ತಾ ಕೇಳಿದಳು, "ಹರಕಿ ಐತೇನವಾ?" ಇಲ್ಲ ಅಂದೆ. "ಮತ್ತ, ವರ ನೋಡಾಕ ಬಂದಾರೇನ?" ಇಲ್ಲ ಅಮ್ಮಾ, ಸುಮ್ನೆ ಬಂದೆ ಅಂದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಇನ್ನೊಂದು ರೊಟ್ಟಿ ಹಾಕಿದಳು. "ತಿನ್ನು, ಸುಮ್ನ ಬಂದೋರಿಗೆ ಹಸಿವು ಜಾಸ್ತಿ."

ಲೆಕ್ಕದ ಹುಡುಗಿ:
ಆ ಅಮ್ಮನನ್ನು ನಿಮ್ಮ ಮನೆ ಮಾಲಕಿ ಮಾಡಿಕೊಳ್ಳಿ.

ಹಳೇ ಅತ್ತಿಗೆ:
ಮಾಳಿಗೆ ಕೀಲಿ ಏನಾಯಿತು? ಅದನ್ನು ಹೇಳಲೇ ಇಲ್ಲ ನೀನು.

ಬಿಸಿಲೂರಿನವಳು:
ಯಾರೂ ಕೇಳದಿದ್ದರೆ ಸಾಕು ಅಂದುಕೊಂಡಿದ್ದೆ. ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಹನ್ನೊಂದು ಗಂಟೆಗೆ ತಲೆದಿಂಬು ತಿರುವಿ ತಿರುವಿ ಎರಡೂ ಬದಿ ಕಾದಿತ್ತು. ಬೆಳಿಗ್ಗೆ ಹೋಗಿ "ಆಂಟಿ, ಅವ್ವ ಸಂಡಿಗೆ ಹಾಕು ಅಂದಾಳ" ಅಂದೆ. ಕೀಲಿ ಕೊಟ್ಟರು. ಎರಡು ಕಿಲೋ ಸಾಬೂದಾನಿ ಸಂಡಿಗೆ ಹಾಕಿದ್ದೇನೆ ಈಗ, ಯಾರಿಗಾದರೂ ಬೇಕಿದ್ದರೆ ಹೇಳಿ. ರಾತ್ರಿ ಸಂಡಿಗೆ ಕಾಯೋಕೆ ಅಂತ ಅಲ್ಲೇ ಮಲಗುತ್ತೇನೆ.

ಗುಮ್ಮಟದ ಪಾರಿವಾಳ:
ರಾತ್ರಿ ಸಂಡಿಗೆಯನ್ನು ಯಾರಿಂದ ಕಾಯೋದು?

ಬಿಸಿಲೂರಿನವಳು:
ಅದನ್ನು ಆಂಟಿ ಇನ್ನೂ ಕೇಳಿಲ್ಲ.

ಲೆಕ್ಕದ ಹುಡುಗಿ:
ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ನೀವಾದರೂ ಹಟ ಹಿಡಿದು ನಿಲ್ಲಬೇಕಿತ್ತು. ಆದರೆ ಆ ಪತ್ರೆ ಶೀಟಿನ ಕೆಳಗೆ ಮಲಗೋಳು ನಾನಲ್ಲ.

ಹಳೇ ಅತ್ತಿಗೆ:
ಅವಳನ್ನು ಬೈಬೇಡ. ಮಗಳೇ, ಒಂದು ಕೇಳಬೇಕು ನಿನ್ನ. ಮದುವೆಯಾಗಿ ಈ ಊರಿಗೆ ಬಂದು 36 ವರ್ಷ, ಗೋಲಗುಮ್ಮಟದ ಮೇಲೆ ನಾನು ಹತ್ತಿದ್ದು ಒಂದೇ ಸಲ, ಅದೂ ನೆಂಟರು ಬಂದಾಗ ಅವರ ಮಕ್ಕಳನ್ನು ಹಿಡಿದುಕೊಂಡು. ಪಿಸುಗುಟ್ಟಿದ್ದು ಕೇಳುತ್ತದೆ ಅಂತಾರಲ್ಲ, ನನಗೆ ಕೂಸಿನ ಅಳು ಬಿಟ್ಟು ಏನೂ ಕೇಳಿಲ್ಲ. ನೀನು ಮತ್ತೆ ಯಾವಾಗ ಹೋಗ್ತಿ? ಈ ಮೊಣಕಾಲಿಗೆ ಆ ಮೆಟ್ಟಿಲು ಆದೀತಾ?

ಬಾಗಲಕೋಟೆ ಸಿಸ್ಟರ್:
ಪ್ರತಿ ಅಂತಸ್ತಿಗೆ ನಿಂತು ಹತ್ತಿ. ಬೆಳಿಗ್ಗೆಯೇ ಹೋಗಿ.

ಬಿಸಿಲೂರಿನವಳು:
ಬರೋ ಭಾನುವಾರ ಬೆಳಿಗ್ಗೆ, ಟಿಕೆಟ್ ಕೌಂಟರ್ ಹತ್ತಿರ ನಿಂತಿರ್ತೀನಿ. ನೀವು ಈ ಬದಿ, ನಾನು ಆ ಬದಿ. ಮನೆಯಲ್ಲಿ ಏನು ಹೇಳ್ತೀರಿ?

ಹಳೇ ಅತ್ತಿಗೆ:
ಹಾಲು ತರೋಕೆ.