ಪದಚರ್ಚೆ: ‘ಹ್ಯಾಂಡಲ್ ಆಡ್ತದೆ’ ಅಂದರೆ ಯಾವ ಆಟ?

ಪ್ರಶ್ನೆ:

ನಮಸ್ಕಾರ. ಗೋಣಿಕೊಪ್ಪದ ಕಡೆ ಹಳೆಯ ಸ್ಕೂಟರ್ ಕೊಳ್ಳುವವರಿಗೆಂದು ಒಂದು ಪುಟದ ತಪಾಸಣೆ ಪಟ್ಟಿಯನ್ನು ಕನ್ನಡಕ್ಕೆ ತರಬೇಕಾಗಿದೆ. ವಾಬಲ್, ವೀವ್, ಪುಲ್, ಪ್ಲೇ ನಾಲ್ಕಕ್ಕೂ ಕರಡಿನಲ್ಲಿ ‘ಅಲುಗಾಟ’ ಎಂದೇ ಬಂದಿದೆ. ಗ್ಯಾರೇಜಿನವರು ‘ಹ್ಯಾಂಡಲ್ ಆಡ್ತದೆ’ ಅನ್ನುತ್ತಾರೆ. ಅದನ್ನೇ ಇಟ್ಟುಕೊಳ್ಳಬಹುದೇ?

ಉತ್ತರ:

‘ಅಲುಗಾಟ’ ಬೇಡ. ನಾಲ್ಕೂ ಬೇರೆ ಬೇರೆ ರೋಗ, ಬಿಚ್ಚಬೇಕಾದ ಭಾಗವೂ ಬೇರೆ. ‘ಆಡ್ತದೆ’ ಒಳ್ಳೆಯ ಮಾತೇ, ಆದರೆ ಅದಕ್ಕೆ ಎರಡು ಅರ್ಥ. ಓಡುವಾಗ ಹ್ಯಾಂಡಲ್ ತಾನಾಗಿ ಎಡಕ್ಕೂ ಬಲಕ್ಕೂ ಬೇಗಬೇಗ ಹೊಡೆದುಕೊಳ್ಳುವುದು ಒಂದು, ಇದೇ ‘ವಾಬಲ್’. ನಿಂತ ಗಾಡಿಯಲ್ಲಿ ಜೋಡಣೆ ಸಡಿಲವಾಗಿ ಕೈಗೆ ಸಿಗುವ ಆಟ ಇನ್ನೊಂದು. ಎರಡನೆಯದೇ ‘ಪ್ಲೇ’. ‘ಬೇರಿಂಗ್ ಆಡ್ತದೆ’, ‘ಬುಷ್ ಆಡ್ತದೆ’ (ಬುಷ್ ಎಂದರೆ ಜೋಡಣೆಯ ಒಳಗಿನ ಬಳೆ) ಅನ್ನುವಾಗ ಇರುವ ಅರ್ಥ ಅದು. ‘ಆಟ’ವನ್ನು ಇದಕ್ಕೆ ಮೀಸಲಿಟ್ಟು, ಮೊದಲನೆಯದಕ್ಕೆ ‘ಹ್ಯಾಂಡಲ್ ನಡುಗುತ್ತದೆ’ ಎಂದು ಬರೆಯಿರಿ. ‘ಅದುರು’ ಹೊಂದುವುದಿಲ್ಲ, ಎಂಜಿನ್ ಅದುರುವುದು ಬೇರೆ, ಅದು ಕೈಗೆ ಜುಮ್ಮೆನ್ನಿಸುತ್ತದೆಯೇ ಹೊರತು ಹ್ಯಾಂಡಲನ್ನು ತಿರುಗಿಸುವುದಿಲ್ಲ.

ನಡುಕ ಸಾಮಾನ್ಯವಾಗಿ ವೇಗ ಇಳಿಯುತ್ತಾ 50ರಿಂದ 35 ಕಿಲೋಮೀಟರಿಗೆ ಬರುವಾಗ ಕಾಣುತ್ತದೆ. ಮುಂದಿನ ಟಯರಿನ ಗಾಳಿ, ಟಯರ್ ಸವೆತ, ರಿಮ್, ಆಮೇಲೆ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್), ಹೀಗೆ ಅಗ್ಗದ್ದರಿಂದ ಶುರುಮಾಡಿ ನೋಡಬೇಕು. ಹಳೆಯ ಆಕ್ಟಿವಾದಂಥ, ಎರಡೂ ಚಕ್ರ 10 ಇಂಚಿನ ಗಾಡಿಗೆ ಒಬ್ಬರೇ ಹೋಗುವಾಗ ಮುಂದೆ 22, ಹಿಂದೆ 29 ಪಿಎಸ್‌ಐ (ಗಾಳಿ ಒತ್ತಡದ ಅಳತೆ). ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತಿಸಿದ ಕೂಡಲೇ ಅಳೆಯಬೇಡಿ. ಕಾದ ಟಯರಿನಲ್ಲಿ ಗೇಜು ಹೆಚ್ಚು ತೋರಿಸುತ್ತದೆ. ರಿಮ್‌ಗೆ ಚಕ್ರ ತಿರುಗಿಸಿ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದರೆ ಸಾಕು. ಸುತ್ತಲೂ ಗೆರೆ ಬೀಳದೆ ಒಂದೇ ಕಡೆ ತಾಗಿದರೆ ಬೆಂಡ್.

ಆಟ ನೋಡಲು ಸೆಂಟರ್ ಸ್ಟ್ಯಾಂಡ್ ಹಾಕಿ, ಇನ್ನೊಬ್ಬರಿಂದ ಹಿಂಬದಿ ಒತ್ತಿಸಿ ಮುಂದಿನ ಚಕ್ರ ಎತ್ತಬೇಕು. ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಕವೆ) ಕೆಳಭಾಗ ಹಿಡಿದು ಹಿಂದೆ ಮುಂದೆ ದೂಡಿದರೆ ‘ಟಕ್’ ಅನ್ನುತ್ತದೆಯೇ ನೋಡಿ. ಇಲ್ಲೇ ಮೋಸ ಹೋಗುವುದು: ಫೋರ್ಕ್ ಟೆಲಿಸ್ಕೋಪಿಕ್ (ಕೊಳವೆಯೊಳಗೆ ಕೊಳವೆ ಜಾರುವಂಥದ್ದು) ಅಲ್ಲದ, ಚಕ್ರದ ಹತ್ತಿರ ಲಿಂಕ್ (ಆಡುವ ಚಿಕ್ಕ ತೋಳು) ಇರುವ ಹಳೆಯ ಗಾಡಿಗಳಲ್ಲಿ ಲಿಂಕಿನ ಬುಷ್ ಸವೆದರೂ ಅದೇ ಟಕ್. ಹ್ಯಾಂಡಲ್ ಕೆಳಗಿನ ಕೋನ್ ಜಾಗದಲ್ಲಿ ಬೆರಳಿಟ್ಟು ದೂಡಿಸಿ. ಬೆರಳಿಗೆ ಆಟ ಸಿಕ್ಕರೆ ಕೋನ್, ಸಿಗದಿದ್ದರೆ ಬುಷ್.

ನಿಮ್ಮ ಕರಡಿನಲ್ಲಿ ಬಿಟ್ಟುಹೋದದ್ದು ಐದನೆಯ ಒಂದು. ಎತ್ತಿದ ಚಕ್ರದಲ್ಲಿ ಎರಡು ಬೆರಳಿಂದ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಟ್ಟನಡುವೆ ಕುಳಿಗೆ ಬಿದ್ದಂತೆ ನಿಂತುಬಿಡುತ್ತದೆ. ಇದಕ್ಕೆ ‘ನಡುವೆ ಕಚ್ಚುತ್ತದೆ’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ. ಹೊಂಡಗಳ ಹೊಡೆತಕ್ಕೆ ಕೋನ್ ಸೆಟ್ಟಿನ ಗುಂಡುಗಳು ಬಟ್ಟಲಿನಲ್ಲಿ ಕುಳಿ ಮಾಡಿರುತ್ತವೆ. ಬಿಗಿ ಮಾಡಿದರೆ ಆಟ ಹೋಗುತ್ತದೆ, ಕಚ್ಚುವುದು ಹೆಚ್ಚುತ್ತದೆ, ನಿಧಾನ ಹೋಗುವಾಗ ಗಾಡಿ ಹಾವಿನಂತೆ ಹರಿದಾಡುತ್ತದೆ. ಮೇಲಿನದು ಕೆಳಗಿನದು ಎರಡೂ ಸೆಟ್ ಬದಲಿಸಬೇಕು.

‘ವೀವ್’ಗೆ ‘ಓಲಾಟ’ ಸರಿ. ಇಲ್ಲಿ ಓಲುವುದು ಹ್ಯಾಂಡಲ್ ಅಲ್ಲ, ಇಡೀ ಗಾಡಿ, ಮುಖ್ಯವಾಗಿ ಹಿಂಬದಿ. ಸ್ಕೂಟರಿನಲ್ಲಿ ಎಂಜಿನ್ನೇ ಹಿಂದಿನ ಚಕ್ರದ ಜೊತೆ ತೂಗುವುದರಿಂದ, ಎಂಜಿನ್ ನೇತಾಡುವ ಬುಷ್ ಹೋದರೆ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಸರಿದಂತಾಗುತ್ತದೆ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲುಗಿಸಿ ನೋಡಿ: ಚಕ್ರ ಮಾತ್ರ ಆಡಿದರೆ ಚಕ್ರದ ಬೇರಿಂಗ್, ಎಂಜಿನ್ ಸಮೇತ ಆಡಿದರೆ ಬುಷ್.

ಇನ್ನು ‘ಪುಲ್’, ಅಂದರೆ ‘ಎಳೆಯುತ್ತದೆ’. ಘಾಟಿ ಊರಿನಲ್ಲಿ ‘ಗಾಡಿ ಚೆನ್ನಾಗಿ ಎಳೀತದೆ’ ಅಂದರೆ ಹೊಗಳಿಕೆ! ಆದ್ದರಿಂದ ‘ಎಡಕ್ಕೆ’ ಅಥವಾ ‘ಬಲಕ್ಕೆ’ ಸೇರಿಸದೆ ಬರೆಯಲೇಬಾರದು. ‘ಗಾಳಿ ಕಡಿಮೆಯಾದರೆ ಒಂದು ಪಕ್ಕಕ್ಕೆ ಎಳೆಯುತ್ತದೆ’ ಎಂಬ ಸಾಲು ಕರಡಿನಲ್ಲಿದ್ದರೆ ತೆಗೆದುಹಾಕಿ, ಅದು ಕಾರಿನ ಮಾತು. ಸ್ಕೂಟರಿನ ಎರಡು ಚಕ್ರ ಒಂದೇ ಗೆರೆಯಲ್ಲಿರುವುದರಿಂದ ಗಾಳಿ ಇಳಿದರೆ ಹ್ಯಾಂಡಲ್ ಭಾರವಾಗುತ್ತದೆ, ಗಾಡಿ ಓಲುತ್ತದೆ. ಪಕ್ಕಕ್ಕೆ ಎಳೆದರೆ ಫೋರ್ಕ್ ಅಥವಾ ಚಾಸಿಯ ಮೇಲೆ, ಎಂದರೆ ಬಿದ್ದ ಗಾಡಿ ಎಂಬುದರ ಮೇಲೆ, ಅನುಮಾನ. ಎಂಜಿನ್ ಬಲಗಡೆ ಇರುವ ಹಳೆಯ ಗೇರಿನ ಚೇತಕ್ ತುಸು ಬಲಕ್ಕೆ ವಾಲುವುದು ಮಾತ್ರ ಅದರ ಹುಟ್ಟುಗುಣ.

ಪ್ರಶ್ನೆ ಕೇಳಿದವರು:

ಉಪಕಾರವಾಯಿತು. ಬುಷ್, ಕೋನ್ ಸೆಟ್‌ಗಳಿಗೂ ಕನ್ನಡ ಪದ ಬೇಕೇ?

ಉತ್ತರ:

ಬೇಡ. ಪಟ್ಟಿ ಹಿಡಿದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದವರಿಗೆ ಸಾಮಾನು ಸಿಗಬೇಕಲ್ಲ. ಸದ್ದುಗಳನ್ನು ಮಾತ್ರ ಕನ್ನಡದಲ್ಲೇ ಬಿಡಿಸಿ ಬರೆಯಿರಿ: ಬ್ರೇಕ್ ಹಿಡಿದಾಗ ಒಂದೇ ಸಲ ‘ಟಕ್’ ಅಂದರೆ ಆಟ, ಚಕ್ರ ಸುತ್ತಿದಷ್ಟೂ ‘ಗರಗರ’ ಅಂದರೆ ಚಕ್ರದ ಬೇರಿಂಗ್.